ಎಡ ಅಂಚಿನ ಏಳು ಸೆಕೆಂಡುಗಳು: ಪ್ರತಿಭಾವಂತರ ತಂಡವೊಂದರ ಪ್ರಕರಣ ಅಧ್ಯಯನ

ಇಲ್ಲಿ ವಿವರಿಸಿರುವ ಫುಟ್‌ಬಾಲ್ ತಂಡದ ಹೆಸರನ್ನಾಗಲಿ, ಲೀಗಿನ ಹೆಸರನ್ನಾಗಲಿ, ವರ್ಷವನ್ನಾಗಲಿ ಹೇಳುತ್ತಿಲ್ಲ. ಆಟಗಾರರನ್ನು ಅವರು ಆಡುತ್ತಿದ್ದ ಸ್ಥಾನದಿಂದಲೇ ಕರೆದಿದ್ದೇನೆ. ಗುರುತು ಹಿಡಿಯಲು ದಾರಿಯಾಗಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಆ ಋತುವಿನಲ್ಲಿ ನಾನು ತಂಡದ ಸಹಾಯಕ ತರಬೇತುದಾರನಾಗಿದ್ದೆ. ಪಂದ್ಯಗಳ ವಿಡಿಯೋ ನೋಡಿ ಟಿಪ್ಪಣಿ ಮಾಡಿ ಮುಖ್ಯ ತರಬೇತುದಾರರ ಮುಂದಿಡುವುದು ನನ್ನ ಪಾಲಿನ ಕೆಲಸವಾಗಿತ್ತು. ಆದ್ದರಿಂದ ಮುಂದೆ ಬರುವ ತಪ್ಪುಗಳಲ್ಲಿ ಒಂದೆರಡು ನನ್ನವೂ ಇವೆ.

ಹಿನ್ನೆಲೆ

ಅದು 12 ತಂಡಗಳ ಲೀಗ್. ಪ್ರತಿ ತಂಡಕ್ಕೆ 22 ಪಂದ್ಯಗಳು. ಹಿಂದಿನ ಋತುವಿನಲ್ಲಿ ಏಳನೇ ಸ್ಥಾನಕ್ಕೆ ನಿಂತಿದ್ದ ನಮ್ಮ ತಂಡಕ್ಕೆ ಇದ್ದಕ್ಕಿದ್ದಂತೆ ಒಳ್ಳೆಯ ಪ್ರಾಯೋಜಕರು ಸಿಕ್ಕರು. ಆಡಳಿತ ಮಂಡಳಿ ತಡಮಾಡದೆ ಕೈಬಿಚ್ಚಿ ಖರ್ಚು ಮಾಡಿತು. ಹಿಂದಿನ ಋತುವಿನಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಗೋಲು ಹೊಡೆದಿದ್ದ ಸ್ಟ್ರೈಕರ್, ಚೆಂಡು ಕಾಲಿಗೆ ಅಂಟಿಕೊಂಡಂತೆ ಓಡುವ ಎಡ ವಿಂಗರ್, ಆಟವನ್ನು ಹೆಣೆಯುವುದರಲ್ಲಿ ಹೆಸರು ಮಾಡಿದ್ದ ಇಬ್ಬರು ಮಿಡ್‌ಫೀಲ್ಡರ್‌ಗಳು, ಗಾಳಿಯಲ್ಲಿ ಬರುವ ಚೆಂಡಿಗೆ ಸೋಲದ ಸೆಂಟರ್ ಬ್ಯಾಕ್, ಹೀಗೆ ಮೊದಲ ಹನ್ನೊಂದರಲ್ಲಿ ಎಂಟು ಮಂದಿ ಹೊಸಬರಾದರು. ಉಳಿದ ಮೂವರು ಹಳಬರಲ್ಲಿ, ರಕ್ಷಣಾ ಸಾಲಿನ ಎಡ ತುದಿಯಲ್ಲಿ ಆಡುವ ಎಡ ಬ್ಯಾಕ್ ಒಬ್ಬ. ರಕ್ಷಣಾ ಸಾಲಿನ ಮುಂದೆ ನಿಂತು ಕಾಯುತ್ತಿದ್ದ, ಹಳೆಯ ತಂಡದ ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗೆ ಆಗ 31 ವರ್ಷ; ಅವನ ಒಪ್ಪಂದದಲ್ಲಿ ಇನ್ನೊಂದು ವರ್ಷ ಬಾಕಿ ಇದ್ದುದರಿಂದ ಅವನನ್ನು ಕಳುಹಿಸಲಿಲ್ಲ, ಆದರೆ ಅವನು ಆಡುತ್ತಾನೆಂದು ಯಾರೂ ಭಾವಿಸಿರಲಿಲ್ಲ. ಅವನ ಜಾಗದಲ್ಲಿ ಆಟ ಹೆಣೆಯುವ ಇಬ್ಬರಲ್ಲಿ ಒಬ್ಬರು ನಿಲ್ಲುತ್ತಾರೆ ಎಂಬುದು ಯೋಜನೆ. ಯಾರು ಎಂಬುದು ಮಾತ್ರ ನಿರ್ಧಾರವಾಗಿರಲಿಲ್ಲ.

ಈ ಕೊನೆಯ ವಾಕ್ಯವನ್ನು ಈಗ ಬರೆಯುವಾಗ ನನಗೇ ನಾಚಿಕೆಯಾಗುತ್ತದೆ, ಏಕೆಂದರೆ ಇಂಥದೇ ಪಾಠ ಎಲ್ಲರ ಕಣ್ಣೆದುರಿಗೇ ಇತ್ತು. ರಿಯಲ್ ಮ್ಯಾಡ್ರಿಡ್ 2003ರಲ್ಲಿ ಡೇವಿಡ್ ಬೆಕಮ್ ಅವರನ್ನು ಬರಮಾಡಿಕೊಂಡಿತು. ಅದೇ ವರ್ಗಾವಣೆ ಅವಧಿಯಲ್ಲಿ, ಗೋಲು ಹೊಡೆಯದೆ ಎಲ್ಲರ ಹಿಂದೆ ನಿಂತು ಖಾಲಿ ಜಾಗ ತುಂಬುತ್ತಿದ್ದ ಕ್ಲೋಡ್ ಮಕೆಲೆಲೆ ಅವರನ್ನು ಚೆಲ್ಸಿಗೆ ಬಿಟ್ಟುಕೊಟ್ಟಿತು. ಜಿದಾನ್, ಫಿಗೊ, ರೊನಾಲ್ಡೊ, ರೌಲ್ ಎಲ್ಲರೂ ಆಗ ಒಂದೇ ತಂಡದಲ್ಲಿದ್ದರೂ ಮುಂದಿನ ಮೂರು ಋತುಗಳಲ್ಲಿ ಅವರಿಗೆ ಸ್ಪೇನಿನ ಲೀಗ್ ಪ್ರಶಸ್ತಿ ದಕ್ಕಲಿಲ್ಲ. ಅತ್ತ ಮಕೆಲೆಲೆ ಇದ್ದ ಚೆಲ್ಸಿ 2005 ಮತ್ತು 2006ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಈ ಕಥೆಯನ್ನು ನಮ್ಮ ತರಬೇತುದಾರರೂ ಬಲ್ಲರು, ನಾನೂ ಬಲ್ಲೆ. ಬಲ್ಲವರಾಗಿಯೂ ಅದೇ ಹಳ್ಳಕ್ಕೆ ಬಿದ್ದೆವು.

ಸಮಸ್ಯೆ

ಮೊದಲ 11 ಪಂದ್ಯಗಳಲ್ಲಿ ಮೂರು ಗೆಲುವು, ಮೂರು ಸಮ, ಐದು ಸೋಲು. ಬಿಟ್ಟುಕೊಟ್ಟ ಗೋಲುಗಳು 19. ಅಂಕಪಟ್ಟಿಗಿಂತ ಹೆಚ್ಚಾಗಿ ಕಾಡಿದ್ದು ಆಟದ ರೀತಿ. ಅಭ್ಯಾಸದ ವೇಳೆ ಒಬ್ಬೊಬ್ಬರನ್ನೇ ನೋಡಿದರೆ ಕಣ್ಣು ತುಂಬುತ್ತಿತ್ತು, ಪಂದ್ಯದಲ್ಲಿ ಮಾತ್ರ ಹನ್ನೊಂದು ಮಂದಿ ಹನ್ನೊಂದು ಬೇರೆ ಬೇರೆ ಪಂದ್ಯಗಳನ್ನು ಆಡುತ್ತಿರುವಂತೆ ತೋರುತ್ತಿತ್ತು.

ಫುಟ್‌ಬಾಲ್ ಆಟದ ಒಂದು ಸರಳ ಲೆಕ್ಕವನ್ನು ಇಲ್ಲಿ ಹೇಳಬೇಕು. ಪಂದ್ಯ 90 ನಿಮಿಷದ್ದಾದರೂ ಥ್ರೋ, ಫೌಲ್, ಗೋಲ್ ಕಿಕ್ ಎಲ್ಲ ಕಳೆದರೆ ಚೆಂಡು ಉರುಳುವುದು ಸುಮಾರು ಒಂದು ಗಂಟೆ. ಅದನ್ನು 22 ಜನರಿಗೆ ಹಂಚಿದರೆ ಒಬ್ಬನ ಪಾಲಿಗೆ ಬರುವುದು ಮೂರು ನಿಮಿಷವೂ ಅಲ್ಲ. ನಾವು ಹಣ ಕೊಟ್ಟು ತಂದಿದ್ದು ಆ ಮೂರು ನಿಮಿಷದ ಕೌಶಲವನ್ನು. ಉಳಿದ ಎಂಬತ್ತೇಳು ನಿಮಿಷ ಆಟಗಾರ ಎಲ್ಲಿ ನಿಲ್ಲುತ್ತಾನೆ, ಯಾರಿಗಾಗಿ ಓಡುತ್ತಾನೆ, ಯಾರ ಓಟವನ್ನು ನಂಬಿ ತನ್ನ ಜಾಗ ಬಿಡುತ್ತಾನೆ ಎಂಬುದಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ.

ಐದನೇ ಪಂದ್ಯದ ಒಂದು ಗೋಲನ್ನು ಹೇಳಿದರೆ ಸಾಕು. ನಮ್ಮ ಪೆನಾಲ್ಟಿ ಪ್ರದೇಶದೊಳಕ್ಕೆ ಒಂದು ಸಾಮಾನ್ಯ ಎತ್ತರದ ಚೆಂಡು ಬಂತು. ಗೋಲ್‌ಕೀಪರ್ ‘ಲೀವ್’ ಎಂದು ಕೂಗಿದ. ಅವನು ಬೆಳೆದ ಕ್ಲಬ್ಬಿನಲ್ಲಿ ಅದರ ಅರ್ಥ ‘ನನಗೆ ಬಿಡು, ನಾನು ಹಿಡಿಯುತ್ತೇನೆ’ ಎಂದು. ಹೊಸ ಸೆಂಟರ್ ಬ್ಯಾಕ್ ಬಂದ ತಂಡದಲ್ಲಿ ಅದೇ ಕೂಗಿಗೆ ‘ಯಾರೂ ಮುಟ್ಟಬೇಡಿ, ಗೆರೆಯಾಚೆ ಹೋಗಲಿ’ ಎಂಬ ಅರ್ಥ. ಬಲ ಬ್ಯಾಕ್‌ಗೆ ಏನೂ ತಿಳಿಯದೆ ಅವನು ತಲೆ ಕೊಟ್ಟ. ಚೆಂಡು ಕೀಪರನ ಭುಜಕ್ಕೆ ತಗುಲಿ ನಮ್ಮದೇ ಗೋಲಿಗೆ ಬಿತ್ತು. ಮೂವರೂ ಪರಸ್ಪರರತ್ತ ಎರಡೂ ಕೈ ಚಾಚಿ ನಿಂತ ಚಿತ್ರವನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಅಂಟಿಸಿಕೊಂಡಿದ್ದೆ. ಮೂವರಲ್ಲಿ ಯಾರದ್ದೂ ತಪ್ಪಿಲ್ಲ ಎಂದು ಅರ್ಥವಾಗಲು ನನಗೆ ಒಂದು ತಿಂಗಳು ಹಿಡಿಯಿತು.

ಮೊದಲು ಮಾಡಿದ ಪ್ರಯತ್ನಗಳು

ಆರಂಭದಲ್ಲಿ ದೈಹಿಕ ಕ್ಷಮತೆಯ ಕೊರತೆ ಎಂದುಕೊಂಡು ಓಟದ ಅಭ್ಯಾಸ ಹೆಚ್ಚಿಸಿದೆವು; ಆಟಗಾರರು ಇನ್ನಷ್ಟು ವೇಗವಾಗಿ ತಪ್ಪು ಜಾಗಕ್ಕೆ ಓಡತೊಡಗಿದರು. ಆಮೇಲೆ ವ್ಯೂಹದ ಮೇಲೆ, ಅಂದರೆ ಹಿಂದಿನಿಂದ ಮುಂದಕ್ಕೆ ಯಾವ ಸಾಲಿನಲ್ಲಿ ಎಷ್ಟು ಮಂದಿ ನಿಲ್ಲಬೇಕೆಂಬುದರ ಮೇಲೆ, ಅನುಮಾನ ಬಂತು. 4-3-3ರಿಂದ 4-2-3-1ಕ್ಕೆ, ಅಲ್ಲಿಂದ 3-5-2ಕ್ಕೆ ಹೋಗಿ, ಮತ್ತೆ 4-3-3ಕ್ಕೆ ಮರಳಿದೆವು. ಪ್ರತಿ ಸೋಲಿನ ನಂತರ ಒಬ್ಬಿಬ್ಬರು ಡಿಫೆಂಡರ್‌ಗಳನ್ನೂ ಬದಲಿಸುತ್ತಿದ್ದೆವು. ಒಬ್ಬರನ್ನೊಬ್ಬರು ಇನ್ನೂ ಅರಿಯದ ಜನರಿಗೆ ಅರಿಯುವ ಅವಕಾಶವನ್ನೇ ನಾವು ಪ್ರತಿ ವಾರ ಕಿತ್ತುಕೊಳ್ಳುತ್ತಿದ್ದೆವು ಎಂಬುದು ಹೊಳೆದದ್ದು ತಡವಾಗಿ.

ಎಂಟನೇ ಪಂದ್ಯದ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ತಂಡದಲ್ಲಿ ಒಗ್ಗಟ್ಟಿಲ್ಲ, ಕೆಮಿಸ್ಟ್ರಿ ಇಲ್ಲ.’ ಆಡಳಿತ ಮಂಡಳಿ ಎರಡು ದಿನಗಳ ಪ್ರವಾಸ ಏರ್ಪಡಿಸಿತು. ಹೊಸಬ ಹಳಬರನ್ನು ಬೆರೆಸಿ ಕೋಣೆ ಹಂಚಿದೆವು. ಆಟೋಟ, ಹಾಡು, ತಮಾಷೆ, ರಾತ್ರಿ ತಡವಾಗುವವರೆಗೆ ಹರಟೆ. ಪ್ರವಾಸ ನಿಜಕ್ಕೂ ಚೆನ್ನಾಗಿಯೇ ಆಯಿತು. ಎಡ ಬ್ಯಾಕ್ ಮತ್ತು ಎಡ ವಿಂಗರ್ ಒಂದೇ ಕೋಣೆಯಲ್ಲಿದ್ದು ಒಳ್ಳೆಯ ಗೆಳೆಯರೇ ಆದರು. ಹಿಂದಿರುಗಿ ಬಂದ ಮೊದಲ ಪಂದ್ಯದಲ್ಲಿ 0-3ರಿಂದ ಸೋತೆವು. ಆ ಮೂರು ಗೋಲುಗಳಲ್ಲಿ ಎರಡು ಬಂದದ್ದು ಅವರಿಬ್ಬರ ಕಡೆಯಿಂದ.

ಸ್ನೇಹ ಮತ್ತು ಆಟದ ಹೊಂದಾಣಿಕೆ ಎರಡೂ ಒಂದೇ ಎಂದು ನಂಬಿದ್ದು ನಮ್ಮ ಅತಿ ದೊಡ್ಡ ತಪ್ಪು ಎಂದು ಈಗ ಹೇಳಬಲ್ಲೆ. ಕ್ರೀಡಾ ಮನಶ್ಶಾಸ್ತ್ರದವರು ಇವೆರಡನ್ನೂ ಬಹಳ ಹಿಂದಿನಿಂದಲೇ ಬೇರೆಬೇರೆಯಾಗಿ ಅಳೆಯುತ್ತ ಬಂದಿದ್ದಾರೆ: ಕೂಡಿ ಇರುವ ಒಗ್ಗಟ್ಟು ಒಂದು, ಕೂಡಿ ಕೆಲಸ ಮಾಡುವ ಒಗ್ಗಟ್ಟು ಇನ್ನೊಂದು. ಮ್ಯಾಂಚೆಸ್ಟರ್ ಯುನೈಟೆಡ್ 1999ರಲ್ಲಿ ಒಂದೇ ಋತುವಿನಲ್ಲಿ ಮೂರು ದೊಡ್ಡ ಪ್ರಶಸ್ತಿಗಳನ್ನು ಗೆದ್ದಾಗ ಅದರ ಮುಂಪಡೆಯಲ್ಲಿದ್ದ ಆಂಡಿ ಕೋಲ್ ಮತ್ತು ಟೆಡ್ಡಿ ಶೆರಿಂಗ್‌ಹ್ಯಾಮ್ ಪರಸ್ಪರ ಮಾತನಾಡುತ್ತಿರಲಿಲ್ಲ. ಕೋಲ್ ಅವರೇ ಅದನ್ನು ಮುಂದೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅವರಿಗೆ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ, ಆದರೂ ಮೈದಾನದಲ್ಲಿ ಜೊತೆಯವನು ಏನು ಮಾಡುತ್ತಾನೆಂಬುದು ಗೊತ್ತಿತ್ತು. ನಮ್ಮ ಹುಡುಗರದು ಇದಕ್ಕೆ ಸರಿಯಾಗಿ ಉಲ್ಟಾ.

ತಿರುವು

ಹನ್ನೊಂದನೇ ಪಂದ್ಯದ ನಂತರ ಲೀಗಿಗೆ ಹದಿನೈದು ದಿನಗಳ ಬಿಡುವು ಇತ್ತು. ಬಿಟ್ಟುಕೊಟ್ಟ 19 ಗೋಲುಗಳನ್ನೂ ಮತ್ತೆ ನೋಡಲು ಕುಳಿತೆ. ಅಷ್ಟು ದಿನ ಚೆಂಡನ್ನೇ ನೋಡುತ್ತಿದ್ದವನು ಈ ಸಲ ಚೆಂಡನ್ನು ಬಿಟ್ಟು ಒಬ್ಬ ಆಟಗಾರನನ್ನು ಮಾತ್ರ ನೋಡುವುದೆಂದು ತೀರ್ಮಾನಿಸಿದೆ. 19ರಲ್ಲಿ 11 ಗೋಲುಗಳು ನಾವು ಚೆಂಡು ಕಳೆದುಕೊಂಡ ಕೆಲವೇ ಸೆಕೆಂಡುಗಳಲ್ಲಿ ಬಿದ್ದಿದ್ದವು. ಅವುಗಳಲ್ಲಿ ಏಳು ಎಡ ಅಂಚಿನಿಂದ. ಆದ್ದರಿಂದ ಎಡ ಬ್ಯಾಕ್‌ನನ್ನೇ ಹಿಂಬಾಲಿಸಿದೆ.

ಏಳನೇ ಪಂದ್ಯದ ಎರಡನೇ ಗೋಲು ಇದು. ಎದುರಾಳಿಯ ಅರ್ಧದಲ್ಲಿ, ಎಡ ಅಂಚಿನಲ್ಲಿ ನಮ್ಮ ವಿಂಗರ್ ಚೆಂಡು ಪಡೆಯುತ್ತಾನೆ. ಎಡ ಬ್ಯಾಕ್ ಅವನ ಹೊರಬದಿಯಿಂದ ಓವರ್‌ಲ್ಯಾಪ್ ಮಾಡುತ್ತ ಪೂರ್ಣ ವೇಗದಲ್ಲಿ ಮುನ್ನುಗ್ಗುತ್ತಾನೆ. ವಿಂಗರ್ ಅವನಿಗೆ ಪಾಸ್ ಕೊಡದೆ ಒಳಕ್ಕೆ ತಿರುಗಿ ಚೆಂಡು ಕಳೆದುಕೊಳ್ಳುತ್ತಾನೆ. ಇಲ್ಲಿಂದ ಲೆಕ್ಕ. ಮೊದಲ ಸೆಕೆಂಡಿನಲ್ಲಿ ವಿಂಗರ್ ಫೌಲ್ ಎಂದು ರೆಫರಿಯತ್ತ ಕೈ ಎತ್ತಿ ನಿಲ್ಲುತ್ತಾನೆ. ಎರಡನೆಯದರಲ್ಲಿ ಎಡ ಬ್ಯಾಕ್ ತಿರುಗುತ್ತಾನೆ. ಅವನ ಹಿಂದೆ ಅರ್ಧ ಮೈದಾನ ಖಾಲಿ. ಮೂರನೆಯದರಲ್ಲಿ, ಆ ಖಾಲಿ ಜಾಗಕ್ಕೆ ಹೋಗಬೇಕಾದ ನಮ್ಮ ಇಬ್ಬರು ಮಿಡ್‌ಫೀಲ್ಡರ್‌ಗಳೂ ಆ ಕಡೆಗೆ ಬೆರಳು ತೋರಿಸುತ್ತಾರೆ, ಒಬ್ಬನು ಇನ್ನೊಬ್ಬನಿಗೆ. ಐದನೆಯದರಲ್ಲಿ ಎದುರಾಳಿಯ ಉದ್ದನೆಯ ಪಾಸ್ ಅಲ್ಲೇ ಬಂದು ಬೀಳುತ್ತದೆ. ಏಳನೆಯದರಲ್ಲಿ ಚೆಂಡು ಬಲೆಯಲ್ಲಿದೆ. ಎಡ ಬ್ಯಾಕ್ ಮೊಣಕಾಲ ಮೇಲೆ ಕೈಯೂರಿ ನೆಲ ನೋಡುತ್ತಿದ್ದಾನೆ. ಪ್ರೇಕ್ಷಕರು ಬೈಯುತ್ತಿರುವುದು ಅವನನ್ನು.

ನಂತರದ ಪಂದ್ಯಗಳಲ್ಲಿ ಅವನ ಓಟಗಳನ್ನು ಎಣಿಸಿದೆ. ಏಳನೇ ಪಂದ್ಯದಲ್ಲಿ ಅವನು 11 ಸಲ ಓವರ್‌ಲ್ಯಾಪ್ ಮಾಡಿದ್ದ. ಎಂಟನೆಯದರಲ್ಲಿ ನಾಲ್ಕು ಸಲ. ಪ್ರವಾಸದ ನಂತರದ ಒಂಬತ್ತನೆಯದರಲ್ಲಿ ಎರಡು. ಹತ್ತನೆಯದರ ದ್ವಿತೀಯಾರ್ಧದಲ್ಲಿ ಒಂದೂ ಇಲ್ಲ. ಅವನು ಯಾರೊಂದಿಗೂ ಜಗಳವಾಡಿರಲಿಲ್ಲ, ದೂರು ಕೊಟ್ಟಿರಲಿಲ್ಲ. ಒಳಗೊಳಗೇ ಒಂದು ನಿರ್ಧಾರ ಮಾಡಿಕೊಂಡು ಸುಮ್ಮನಾಗಿದ್ದ. ಆ ನಿರ್ಧಾರದ ಬಾಲ ಹಿಡಿದು ಹೋದರೆ ಇಡೀ ತಂಡದ ಕಥೆ ಬಿಚ್ಚಿಕೊಂಡಿತು. ಬ್ಯಾಕ್ ಮುಂದೆ ಬಾರದ ಕಾರಣ ವಿಂಗರ್ ಎದುರಿಗೆ ಒಬ್ಬನ ಬದಲು ಇಬ್ಬರು ಡಿಫೆಂಡರ್‌ಗಳು ನಿಲ್ಲತೊಡಗಿದರು. ಅವನು ಒಬ್ಬನೇ ಇಬ್ಬರನ್ನು ದಾಟಲು ಹೋಗಿ ಇನ್ನಷ್ಟು ಚೆಂಡು ಕಳೆದುಕೊಂಡ. ಅಂಚಿನಿಂದ ಗೋಲಿನ ಮುಂದಕ್ಕೆ ಬರುತ್ತಿದ್ದ ಕ್ರಾಸ್‌ಗಳು ನಿಂತುಹೋದದ್ದರಿಂದ ಸ್ಟ್ರೈಕರ್ ಚೆಂಡು ಹುಡುಕುತ್ತ ಹಿಂದಕ್ಕೆ ಬಂದ. ಅವನು ಬಂದು ನಿಂತದ್ದು, ತನ್ನ ಬೆನ್ನಹಿಂದೆ ಆಡಬೇಕಾದ ಹತ್ತನೇ ನಂಬರಿನವನ ಜಾಗದಲ್ಲಿ. ಜಾಗ ಕಳೆದುಕೊಂಡ ಹತ್ತನೇ ನಂಬರಿನವನು ಎಡಕ್ಕೆ ಸರಿದು ವಿಂಗರ್‌ನ ಕಾಲಡಿಗೇ ಬಂದ. ಡ್ರೆಸ್ಸಿಂಗ್ ರೂಮಿನಲ್ಲಿ ಕೇಳಿದರೆ ಪ್ರತಿಯೊಬ್ಬನೂ ಪಕ್ಕದವನನ್ನು ಸ್ವಾರ್ಥಿ ಎನ್ನುತ್ತಿದ್ದ. ಪ್ರತಿಯೊಬ್ಬನ ಲೆಕ್ಕವೂ ತನ್ನ ಮಟ್ಟಿಗೆ ಸರಿಯಾಗಿಯೇ ಇತ್ತು.

ಈ ವಿಡಿಯೋ ತುಣುಕನ್ನು ನೇರವಾಗಿ ತಂಡದ ಎದುರು ತೋರಿಸೋಣ ಎಂದು ನಾನು ಹೇಳಿದೆ. ಮುಖ್ಯ ತರಬೇತುದಾರರು ಬೇಡವೆಂದರು. ಎಲ್ಲರೆದುರು ತೋರಿಸಿದರೆ ವಿಂಗರ್ ಒಬ್ಬನೇ ಅಪರಾಧಿಯಾಗುತ್ತಾನೆ, ಮಿಕ್ಕವರು ನಿಟ್ಟುಸಿರು ಬಿಡುತ್ತಾರೆ ಎಂಬುದು ಅವರ ವಾದ. ಅದರ ಬದಲು ಅವರು ಮೊದಲ ಹನ್ನೊಂದು ಮಂದಿಯನ್ನು ಒಬ್ಬೊಬ್ಬರಾಗಿ ಕರೆದು ಒಂದೇ ಪ್ರಶ್ನೆ ಕೇಳಿದರು: ‘ನೀನು ನಿನ್ನ ಜಾಗ ಬಿಟ್ಟು ಹೋದಾಗ ಅಲ್ಲಿಗೆ ಯಾರು ಬರುತ್ತಾರೆ?’ ಎಡ ಬ್ಯಾಕ್ ತುಸು ಹೊತ್ತು ಸುಮ್ಮನಿದ್ದು ‘ಯಾರೂ ಬರುವುದಿಲ್ಲ ಸರ್’ ಎಂದ. ವಿಂಗರ್‌ನ ಉತ್ತರ: ‘ಹಿಂದೆ ಬ್ಯಾಕ್ ಇದ್ದಾನಲ್ಲ.’ ಮಿಡ್‌ಫೀಲ್ಡರ್‌ಗಳಿಬ್ಬರೂ ಪರಸ್ಪರರ ಹೆಸರು ಹೇಳಿದರು. ಒಬ್ಬ ಹೇಳಿದ ಹೆಸರಿನವನೂ ಅದನ್ನೇ ತನ್ನ ಕೆಲಸವೆಂದು ತಿಳಿದಿದ್ದ ಸಂದರ್ಭಗಳು ಹನ್ನೊಂದರಲ್ಲಿ ಕೇವಲ ನಾಲ್ಕು. ಉತ್ತರಗಳನ್ನು ಬರೆದುಕೊಂಡ ಹಾಳೆಯನ್ನು ಮೇಜಿನ ಮೇಲಿಟ್ಟು ತರಬೇತುದಾರರು ಬಹಳ ಹೊತ್ತು ಮಾತನಾಡಲಿಲ್ಲ.

ಕೈಗೊಂಡ ನಿರ್ಧಾರಗಳು

ಕಷ್ಟದ ನಿರ್ಧಾರ ಒಂದೇ ಇತ್ತು: ಆಟ ಹೆಣೆಯುವ ಇಬ್ಬರಲ್ಲಿ ಒಬ್ಬನನ್ನು ಕೂರಿಸಿ 31ರ ಹಿರಿಯನನ್ನು ಮೈದಾನಕ್ಕಿಳಿಸುವುದು. ಕೂರಿಸಬೇಕಾದವನು ತಂಡದಲ್ಲೇ ಅತಿ ಹೆಚ್ಚು ಹಣ ಪಡೆದು ಬಂದವನು. ‘ಅಷ್ಟು ಕೊಟ್ಟು ತಂದವನನ್ನು ಬೆಂಚಿನ ಮೇಲೆ ಕೂರಿಸುವುದೇ?’ ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಗದ್ದಲವಾಯಿತು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಗ ನಮ್ಮ ನೆರವಿಗೆ ಬಂತು. ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ಅಗ್ರ ಪ್ರತಿಭೆಗಳ ಪ್ರಮಾಣ ಒಂದು ಮಿತಿಯವರೆಗೆ ಏರಿದಂತೆ ಫಲಿತಾಂಶ ಸುಧಾರಿಸಿ, ಮಿತಿ ದಾಟಿದ ಮೇಲೆ ಕುಸಿಯುತ್ತದೆ ಎಂದೂ, ಬೇಸ್‌ಬಾಲ್‌ನಲ್ಲಿ ಹಾಗಾಗುವುದಿಲ್ಲವೆಂದೂ ಅದು ಕಂಡುಕೊಂಡಿತ್ತು. ಬೇಸ್‌ಬಾಲ್‌ನಲ್ಲಿ ಬ್ಯಾಟ್ ಹಿಡಿದವನ ಕೆಲಸ ಬಹುಮಟ್ಟಿಗೆ ಅವನೊಬ್ಬನದೇ; ನಮ್ಮ ಆಟದಲ್ಲಿ ಒಬ್ಬನ ಓಟಕ್ಕೆ ಇನ್ನೊಬ್ಬನ ಓಟವೇ ಜಾಮೀನು. ಅಧ್ಯಯನವನ್ನು ಮಂಡಳಿಯವರು ನಂಬಿದರೋ, ಬೇರೆ ದಾರಿ ಕಾಣದೆ ಒಪ್ಪಿದರೋ ಹೇಳಲಾರೆ. ಆರು ಪಂದ್ಯಗಳ ಗಡುವು ಸಿಕ್ಕಿತು.

ಆ ಆರು ಪಂದ್ಯಗಳಲ್ಲಿ ಗೋಲ್‌ಕೀಪರ್, ನಾಲ್ವರು ಡಿಫೆಂಡರ್‌ಗಳು ಮತ್ತು ಹಿರಿಯ ಮಿಡ್‌ಫೀಲ್ಡರ್ ಬದಲಾಗುವುದಿಲ್ಲ, ಯಾರು ಎಂಥ ತಪ್ಪು ಮಾಡಿದರೂ ಸರಿ, ಎಂದು ತರಬೇತುದಾರರು ಎಲ್ಲರೆದುರು ಮಾತು ಕೊಟ್ಟರು. ಆಫ್‌ಸೈಡ್ ಗೆರೆ ಹಿಡಿಯುವುದೊಂದನ್ನೇ ನೋಡಿ: ಎದುರಾಳಿಯ ಮುಂಪಡೆಯವನು ತಮ್ಮ ಹಿಂದೆ ಉಳಿದು ಆಫ್‌ಸೈಡ್ ಆಗುವಂತೆ ನಾಲ್ವರು ಒಂದೇ ಕ್ಷಣದಲ್ಲಿ ಮುಂದೆ ಹೆಜ್ಜೆಯಿಡಬೇಕು, ಒಬ್ಬ ಅರ್ಧ ಹೆಜ್ಜೆ ಅನುಮಾನಿಸಿದರೆ ಮೂವರ ಶ್ರಮ ಎದುರಾಳಿಗೆ ದಾರಿಯಾಗುತ್ತದೆ. ಮುಂದಿನ ವಾರ ತಾನಿರುತ್ತೇನೋ ಇಲ್ಲವೋ ಎಂಬ ಭಯದಲ್ಲಿರುವವನು ಅನುಮಾನಿಸಿಯೇ ತೀರುತ್ತಾನೆ.

ಅಭ್ಯಾಸವನ್ನೂ ಒಡೆದು ಕಟ್ಟಿದೆವು. ದಿನವೂ ಇಪ್ಪತ್ತು ನಿಮಿಷ ಎಡ ಬ್ಯಾಕ್, ವಿಂಗರ್ ಮತ್ತು ಹಿರಿಯ ಮೂವರೇ ಒಂದು ಗುಂಪು. ಮೈದಾನದ ಎಡ ಪಟ್ಟಿಯಲ್ಲಿ ನಾಲ್ವರು ಎದುರಾಳಿಗಳ ವಿರುದ್ಧ ಆಟ. ನಿಯಮ ಸರಳ: ಮೂವರಲ್ಲಿ ಯಾರು ಚೆಂಡು ಕಳೆದುಕೊಂಡರೂ ಮೊದಲ ಐದು ಸೆಕೆಂಡು ಅವನೇ ಬೆನ್ನಟ್ಟಬೇಕು, ಬ್ಯಾಕ್ ಮುಂದೆ ಹೋಗಿದ್ದರೆ ಹಿರಿಯ ಆ ಜಾಗಕ್ಕೆ ಜಾರಬೇಕು. ಕೂಗುವ ಪದಗಳನ್ನು ಐದಕ್ಕೆ ಇಳಿಸಿ, ಪ್ರತಿಯೊಂದರ ಅರ್ಥವನ್ನೂ ಗೋಡೆಗೆ ಬರೆದು ಹಚ್ಚಿದೆವು; ‘ಲೀವ್’ ಎಂಬುದನ್ನು ನಿಷೇಧಿಸಿದೆವು. ಫ್ರೀ ಕಿಕ್ ಮತ್ತು ಪೆನಾಲ್ಟಿ ಯಾರು ಹೊಡೆಯಬೇಕೆಂಬುದೂ ಅದೇ ಗೋಡೆಯ ಮೇಲೆ ಬಂತು, ಏಕೆಂದರೆ ಆರನೇ ಪಂದ್ಯದಲ್ಲಿ ಇಬ್ಬರು ನಮ್ಮವರೇ ಚೆಂಡಿಗಾಗಿ ಎಳೆದಾಡಿದ್ದನ್ನು ನೋಡಿ ಎದುರಾಳಿ ಕೀಪರ್ ನಕ್ಕಿದ್ದ.

ಒಂದು ಕೆಲಸವನ್ನು ಕೆಟ್ಟದಾಗಿ ಮಾಡಿದೆವು. ಬೆಂಚಿಗೆ ಸರಿದ ಮಿಡ್‌ಫೀಲ್ಡರ್‌ಗೆ ಆ ಸುದ್ದಿ ತಿಳಿದದ್ದು ಪಂದ್ಯದ ದಿನದ ಆಟಗಾರರ ಪಟ್ಟಿಯಿಂದ. ಮೊದಲೇ ಕೂರಿಸಿಕೊಂಡು ಕಾರಣ ಹೇಳುವ ಜವಾಬ್ದಾರಿ ನನಗೆ ಒಪ್ಪಿಸಲಾಗಿತ್ತು. ನಾನು ನಾಳೆ ನಾಳೆ ಎಂದು ಮುಂದೂಡಿದೆ. ಅವನು ಆಮೇಲೆ ಬದಲಿ ಆಟಗಾರನಾಗಿ ಇಳಿದಾಗಲೆಲ್ಲ ಒಪ್ಪಿಸಿದ ಕೆಲಸ ಮಾಡಿ ಹೋಗುತ್ತಿದ್ದನೇ ಹೊರತು ಒಂದು ಹೆಜ್ಜೆ ಹೆಚ್ಚು ಇಡಲಿಲ್ಲ. ಅದಕ್ಕೆ ಅವನನ್ನು ದೂರಲಾರೆ.

ಮುಂದೇನಾಯಿತು

ಹೊಸ ಏರ್ಪಾಟಿನ ಮೊದಲ ಪಂದ್ಯ, ಲೀಗಿನ ಹನ್ನೆರಡನೆಯದು, 1-2ರಿಂದ ಸೋತೆವು. ಎರಡನೇ ಗೋಲಿಗೆ ಕಾರಣ ಅದೇ ಎಡ ಬ್ಯಾಕ್‌ನ ಕೆಟ್ಟ ಪಾಸ್. ಆ ರಾತ್ರಿ ಮಂಡಳಿಯಿಂದ ತರಬೇತುದಾರರಿಗೆ ಮೂರು ಕರೆಗಳು ಬಂದವು. ಮರುದಿನ ಅಭ್ಯಾಸಕ್ಕೆ ಬಂದ ಎಡ ಬ್ಯಾಕ್ ತನ್ನ ಹೆಸರು ಪಟ್ಟಿಯಲ್ಲಿರುವುದಿಲ್ಲ ಎಂದುಕೊಂಡೇ ಬಂದಿದ್ದ. ಪಟ್ಟಿಯಲ್ಲಿ ಅವನ ಹೆಸರು ಇತ್ತು. ಋತುವಿನ ನಿಜವಾದ ತಿರುವು ಆ ಸೋಲಿನ ಮರುದಿನದ ಪಟ್ಟಿಯೇ ಎಂಬುದು ನನ್ನ ಅಭಿಪ್ರಾಯ. ಕೊಟ್ಟ ಮಾತು ನಿಲ್ಲುತ್ತದೆಂದು ಎಲ್ಲರಿಗೂ ಕಂಡಿತು. ಗೆದ್ದಿದ್ದರೆ ಅದು ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಮುಂದಿನ ಪಂದ್ಯ 0-0. ಅದರ ಬಳಿಕ ಗಡುವಿನೊಳಗಿನ ನಾಲ್ಕರಲ್ಲಿ ಮೂರು ಗೆಲುವು, ಒಂದು ಸಮ. ಹದಿನೈದನೇ ಪಂದ್ಯದಲ್ಲಿ ಎಡ ಬ್ಯಾಕ್ ಒಂಬತ್ತು ಸಲ ಓವರ್‌ಲ್ಯಾಪ್ ಮಾಡಿದ. ಅವುಗಳಲ್ಲಿ ಒಂದರಲ್ಲಿ ವಿಂಗರ್ ಚೆಂಡು ಕಳೆದುಕೊಂಡು ಕ್ಷಣಮಾತ್ರ ಕೈ ಎತ್ತಲು ಹೋದವನು ಅರ್ಧಕ್ಕೇ ಇಳಿಸಿ ಎದುರಾಳಿಯ ಬೆನ್ನಟ್ಟಿದ್ದನ್ನು ನಾನು ಹತ್ತಾರು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ದ್ವಿತೀಯಾರ್ಧದ 11 ಪಂದ್ಯಗಳ ಒಟ್ಟು ಲೆಕ್ಕ ಆರು ಗೆಲುವು, ಮೂರು ಸಮ, ಎರಡು ಸೋಲು. ಬಿಟ್ಟುಕೊಟ್ಟ ಗೋಲು 10. ಮೊದಲರ್ಧದಲ್ಲಿ ಎರಡೇ ಗೋಲು ಹೊಡೆದಿದ್ದ ಸ್ಟ್ರೈಕರ್ ಏಳು ಹೊಡೆದ. ವಿಂಗರ್‌ನ ಗೋಲುಗಳು ಆರರಿಂದ ಮೂರಕ್ಕೆ ಇಳಿದವು, ಗೋಲಿಗೆ ದಾರಿಯಾದ ಪಾಸ್‌ಗಳು ಒಂದರಿಂದ ಐದಕ್ಕೆ ಏರಿದವು. ಈ ವಿನಿಮಯ ತಂಡಕ್ಕೆ ಲಾಭ, ಅವನಿಗೆ ನಷ್ಟ: ಮಾರುಕಟ್ಟೆಯಲ್ಲಿ ಎಣಿಸುವುದು ಗೋಲುಗಳನ್ನು. ಅವನು ಅದನ್ನು ಬಾಯಿಬಿಟ್ಟು ಹೇಳಿದ, ಋತು ಮುಗಿದ ಮೇಲೆ ತಂಡ ಬಿಟ್ಟ. ಒಟ್ಟು 33 ಅಂಕಗಳೊಂದಿಗೆ ನಾವು ಐದನೇ ಸ್ಥಾನದಲ್ಲಿ ಮುಗಿಸಿದೆವು. ಮಂಡಳಿ ಬಯಸಿದ್ದು ಪ್ರಶಸ್ತಿಯನ್ನು.

ಈ ಅಂಕಿಗಳಿಂದ ಎಷ್ಟು ಹಿಂಡಬಹುದು?

ಹೆಚ್ಚೇನೂ ಹಿಂಡಬಾರದು. ದ್ವಿತೀಯಾರ್ಧದಲ್ಲಿ ನಮ್ಮ ಸ್ವಂತ ಮೈದಾನದ ಪಂದ್ಯಗಳು ಒಂದು ಹೆಚ್ಚಿದ್ದವು, ಇಬ್ಬರು ಬಲಿಷ್ಠ ಎದುರಾಳಿಗಳ ಮುಖ್ಯ ಆಟಗಾರರು ಗಾಯಗೊಂಡಿದ್ದರು. ಎಂಟು ಹೊಸಬರು ಯಾವ ಉಪಾಯವೂ ಇಲ್ಲದೆ, ಬರೀ ಕಾಲ ಸರಿದುದರಿಂದಲೇ ಒಬ್ಬರಿಗೊಬ್ಬರು ಒಗ್ಗುತ್ತಿದ್ದರು ಎಂಬ ವಾದವನ್ನೂ ತಳ್ಳಿಹಾಕಲಾರೆ. ಆದರೆ ಕಾಲಕ್ಕೆ ಅವಕಾಶ ಕೊಡುವುದೂ ಒಂದು ನಿರ್ಧಾರವೇ. ಮೊದಲ 11 ಪಂದ್ಯಗಳಲ್ಲಿ ನಾವು ಅದನ್ನೇ ಕೊಟ್ಟಿರಲಿಲ್ಲ.

ತಾರೆಗಳನ್ನು ತಂದದ್ದೇ ತಪ್ಪು ಎಂಬ ತೀರ್ಪಿಗೂ ನಾನು ಬರಲಾರೆ. ಪ್ಯಾರಿಸ್ ಸೇಂಟ್ ಜರ್ಮೇನ್ ತಂಡದಲ್ಲಿ ಮೆಸ್ಸಿ, ನೇಮಾರ್, ಎಂಬಾಪೆ ಮೂವರೂ ಇದ್ದ ಎರಡು ಋತುಗಳಲ್ಲಿ, ಅಂದರೆ 2022 ಮತ್ತು 2023ರಲ್ಲಿ, ಅದು ಚಾಂಪಿಯನ್ಸ್ ಲೀಗಿನ ಹದಿನಾರರ ಘಟ್ಟದಲ್ಲೇ ಹೊರಬಿತ್ತು. ಮೂವರೂ ಹೋದ ಮೇಲೆ 2025ರ ಫೈನಲ್‌ನಲ್ಲಿ ಇಂಟರ್ ಮಿಲಾನ್ ವಿರುದ್ಧ 5-0ರಿಂದ ಗೆದ್ದು ಮೊದಲ ಬಾರಿಗೆ ಆ ಪ್ರಶಸ್ತಿ ಪಡೆಯಿತು. ಇದನ್ನು ಪ್ರತಿಭೆಯ ಮೇಲೆ ಹೊಂದಾಣಿಕೆಯ ವಿಜಯವೆಂದು ಬಣ್ಣಿಸುವವರು, 2025ರ ಆ ತಂಡದಲ್ಲಿದ್ದವರೂ ಅಸಾಧಾರಣ ಪ್ರತಿಭಾವಂತರೇ ಎಂಬುದನ್ನು ಮರೆಯುತ್ತಾರೆ. ವ್ಯತ್ಯಾಸ ಕಾಣುತ್ತಿದ್ದುದು ಚೆಂಡು ಕೈತಪ್ಪಿದ ಮರುಕ್ಷಣದಲ್ಲಿ, ಮುಂಪಡೆಯವರೂ ಸೇರಿ ಎಲ್ಲರೂ ಬೆನ್ನಟ್ಟುತ್ತಿದ್ದ ರೀತಿಯಲ್ಲಿ. ನಮ್ಮ ವಿಂಗರ್ ಕೂಡ ಮೊದಲಿನಿಂದಲೂ ಸೋಮಾರಿಯಾಗಿರಲಿಲ್ಲ. ಹಿಂದಿನ ತಂಡದಲ್ಲಿ ಅವನಿಗೆ ಹಿಂದಕ್ಕೆ ಓಡಬೇಡ, ಮುಂದೆಯೇ ಕಾಯುತ್ತಿರು ಎಂದು ಕಲಿಸಿದ್ದರು ಎಂಬುದನ್ನು ಅವನೇ ಹೇಳುವವರೆಗೆ ನಾವು ಕೇಳಿರಲಿಲ್ಲ.

ಮುಂದಿನ ಋತುವಿಗೆ ಮಂಡಳಿ ಇಬ್ಬರು ಹೊಸ ಸ್ಟ್ರೈಕರ್‌ಗಳನ್ನು ತಂದಿತು. ಹಿರಿಯ ಮಿಡ್‌ಫೀಲ್ಡರ್‌ನ ಒಪ್ಪಂದವನ್ನು ನವೀಕರಿಸಲಿಲ್ಲ. ವಯಸ್ಸಾಯಿತು, ಗೋಲು ಹೊಡೆಯುವುದಿಲ್ಲ ಎಂಬ ಕಾರಣ ಕೊಟ್ಟರು. ಸಿದ್ಧತಾ ಶಿಬಿರದ ಮೊದಲ ದಿನವೇ ತರಬೇತುದಾರರು ಮತ್ತೆ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಅದೇ ಪ್ರಶ್ನೆ ಕೇಳಿದರು, ನಾನು ಹಾಳೆಯಲ್ಲಿ ಗೆರೆ ಎಳೆದು ಹೆಸರಿಗೆ ಹೆಸರು ಜೋಡಿಸಿದೆ. ಹನ್ನೊಂದರಲ್ಲಿ ಐದು ತಾಳೆಯಾದವು. ಎಡ ಬ್ಯಾಕ್ ಈ ಸಲ ಉತ್ತರಿಸುವ ಮೊದಲು ಕೇಳಿದ: ‘ಸರ್, ಅಣ್ಣನ ಜಾಗದಲ್ಲಿ ಯಾರು ಆಡುತ್ತಾರೆ?’